ಉಸಿರಿನೊಂದಿಗೆ ಒಳಹೊಕ್ಕ ಕಿಡಿ

ವಿಕಿರಣ ಎಂದೊಡನೆ ನಮಗೆ ಮೊದಲು ನೆನಪಾಗುವುದು ಎಕ್ಸ್‌ರೇ. ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದ ಅತ್ತೆಯ ಮಡಿಲಿಗೆ ಮಗುವನ್ನು ಕೊಡಲು ಹೆದರುವ ತಾಯಂದಿರಿದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ಎಕ್ಸ್‌ರೇ ಯಂತ್ರ ನಿಂತೊಡನೆ ಕಿರಣವೂ ನಿಲ್ಲುತ್ತದೆ, ದೇಹದಲ್ಲಿ ಏನೂ ಉಳಿಯುವುದಿಲ್ಲ. ಆದರೆ ವಿಕಿರಣ ಸೂಸುವ ಧೂಳಿನ ಕಣವೇ ಉಸಿರಿನೊಂದಿಗೆ ಒಳಹೋಗಿ ಕುಳಿತರೆ ಕಥೆಯೇ ಬೇರೆ. ಅದನ್ನು ಆರಿಸುವ ಸ್ವಿಚ್ ಯಾರ ಕೈಯಲ್ಲೂ ಇಲ್ಲ.

ಅಣುಬಾಂಬಿನಲ್ಲಿ ಬಳಸುವ ಪ್ಲುಟೋನಿಯಂ ಇದಕ್ಕೊಂದು ಉದಾಹರಣೆ. ಅದು ಸೂಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದ ತಡೆಯಬಲ್ಲದು. ನಮ್ಮ ಚರ್ಮದ ಹೊರಪದರವೂ ತಡೆಯುತ್ತದೆ. ಆದರೆ ಶ್ವಾಸಕೋಶದ ಒಳಗೆ ಅಂತಹ ದಪ್ಪ ಹೊದಿಕೆ ಇಲ್ಲ. ಅಲ್ಲಿ ಆಲ್ಫಾ ಕಣ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರ ಸಾಗುತ್ತದೆ, ಅಷ್ಟರಲ್ಲೇ ತನ್ನ ಶಕ್ತಿಯನ್ನೆಲ್ಲ ಸುತ್ತಲಿನ ಜೀವಕೋಶಗಳ ಮೇಲೆ ಸುರಿಯುತ್ತದೆ.

ಇದರ ಪರಿಣಾಮವನ್ನು ತಿಳಿಯಲು ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ವಿಜ್ಞಾನಿಗಳು ಬೀಗಲ್ ಜಾತಿಯ ನಾಯಿಗಳ ಮೇಲೆ ದಶಕಗಳ ಕಾಲ ಪ್ರಯೋಗ ನಡೆಸಿದರು. ನಾಗಸಾಕಿಯ ಮೇಲೆ 1945ರಲ್ಲಿ ಹಾಕಿದ ಬಾಂಬಿಗೆ ಪ್ಲುಟೋನಿಯಂ ತಯಾರಾದದ್ದು ಇದೇ ಹ್ಯಾನ್‌ಫರ್ಡ್‌ನಲ್ಲಿ. ನಾಯಿಗಳಿಗೆ ಪ್ಲುಟೋನಿಯಂ ಆಕ್ಸೈಡಿನ ಅತಿ ಸೂಕ್ಷ್ಮ ಧೂಳನ್ನು ಉಸಿರಾಡಿಸಿ, ಅವು ಬದುಕಿರುವವರೆಗೂ ಗಮನಿಸಲಾಯಿತು.

ಒಳಗೆ ನಡೆಯುವುದು ಹೀಗೆ. ದೊಡ್ಡ ಧೂಳು ಮೂಗಿನಲ್ಲೇ ಸಿಕ್ಕಿಬೀಳುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳು ಮಾತ್ರ ಗಾಳಿಯ ಪುಟ್ಟ ಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಪ್ಲುಟೋನಿಯಂ ಆಕ್ಸೈಡ್ ಸುಲಭವಾಗಿ ಕರಗುವುದಿಲ್ಲ. ನುಂಗಿದ ಕೋಶ ಸತ್ತರೆ ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಕೆಲವು ಕಣಗಳು ಎದೆಯ ದುಗ್ಧ ಗ್ರಂಥಿಗಳನ್ನು ಸೇರುತ್ತವೆ. ಉಳಿದವು ಇದ್ದಲ್ಲೇ ಇದ್ದು ಸುಡುತ್ತಿರುತ್ತವೆ.

ಸುಟ್ಟ ಜಾಗ ಊದಿಕೊಳ್ಳುತ್ತದೆ. ಅದನ್ನು ವಾಸಿಮಾಡಲು ದೇಹ ನಾರಿನ ಅಂಗಾಂಶ ಬೆಳೆಸುತ್ತದೆ. ಒಲೆಯ ಬೆಂಕಿ ತಗುಲಿದ ಕೈ ಮಾಗಿ ಗಟ್ಟಿ ಕಲೆ ಉಳಿಯುವುದಿಲ್ಲವೇ, ಹಾಗೆಯೇ. ಕೈಯ ಮೇಲಿನ ಕಲೆಯಿಂದ ತೊಂದರೆಯಿಲ್ಲ. ಆದರೆ ಶ್ವಾಸಕೋಶ ಸ್ಪಂಜಿನಂತೆ ಹಿಗ್ಗಿ ಕುಗ್ಗಬೇಕು. ಕಲೆ ಹರಡಿದಂತೆ ಅದು ಬಿಗಿಯಾಗುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಹೆಚ್ಚು ಪ್ರಮಾಣದ ಧೂಳು ಸೇರಿದ ನಾಯಿಗಳ ಉಸಿರಾಟ ವೇಗವಾಯಿತು, ತೂಕ ಇಳಿಯಿತು. ಊತ ಮತ್ತು ಕಲೆಗಟ್ಟುವಿಕೆಯಿಂದ ಅವು ಸತ್ತವು. ಕಡಿಮೆ ಪ್ರಮಾಣ ಸೇರಿದ ನಾಯಿಗಳು ವರ್ಷಗಟ್ಟಲೆ ಬದುಕಿದವು, ಆದರೆ ಅವುಗಳಲ್ಲಿ ಹಲವಕ್ಕೆ ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ತಗುಲಿತು.

ಇದು ನಾಯಿಗಳ ಕಥೆ ಮಾತ್ರವಲ್ಲ. ರಷ್ಯಾದ ಮಾಯಾಕ್ ಕಾರ್ಖಾನೆಯಲ್ಲಿ 1948ರ ನಂತರದ ಮೊದಲ ವರ್ಷಗಳಲ್ಲಿ ದುಡಿದ ಕಾರ್ಮಿಕರ ಶ್ವಾಸಕೋಶಗಳಲ್ಲೂ ವೈದ್ಯರು ಇಂಥದೇ ಕಲೆಗಳನ್ನು ಕಂಡರು. ಅವರಲ್ಲಿ ಮಹಿಳೆಯರೂ ಇದ್ದರು. ಇಂದು ಪ್ಲುಟೋನಿಯಂ ಮುಟ್ಟುವವರು ಗಾಳಿಯಾಡದ ಪೆಟ್ಟಿಗೆಯೊಳಗೆ, ಅದಕ್ಕೇ ಜೋಡಿಸಿದ ಕೈಗವಸು ತೊಟ್ಟು ಕೆಲಸ ಮಾಡುತ್ತಾರೆ. ಆ ಎಚ್ಚರಿಕೆಯ ಹಿಂದೆ ಮಾತು ಬಾರದ ಆ ಪ್ರಾಣಿಗಳ ನೋವೂ ಇದೆ ಎಂಬುದನ್ನು ಮರೆಯಬಾರದು.

ನಮ್ಮ ಮನೆಗೆ ಪ್ಲುಟೋನಿಯಂ ಬರುವುದಿಲ್ಲ, ನಿಜ. ಆದರೆ ಆಲ್ಫಾ ಕಣ ಸೂಸುವ ಪೊಲೋನಿಯಂ ಎಂಬ ವಸ್ತು ಹೊಗೆಸೊಪ್ಪಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಅನೇಕ ವಿಷಗಳಲ್ಲಿ ಅದೂ ಒಂದು. ವೈದ್ಯರು ಬರೆದುಕೊಟ್ಟ ಎಕ್ಸ್‌ರೇಗೆ ಅಂಜಿ, ಮಗುವಿನ ಪಕ್ಕದಲ್ಲೇ ಏಳುವ ಬೀಡಿಯ ಹೊಗೆಯನ್ನು ಸಹಿಸಿಕೊಂಡರೆ ನಮ್ಮ ಭಯ ದಾರಿ ತಪ್ಪಿದಂತೆ. ಮನೆಯ ಗಂಡಸರಿಗೆ ಇದನ್ನು ಧೈರ್ಯವಾಗಿ ಹೇಳಿ.