ಕಾಲುವೆಯ ಚಿತ್ರವನ್ನು ನೋಡುವ ಬಗೆ

ಛಾಯಾಚಿತ್ರವು ಸುಳ್ಳಾಡದೆಂಬುದು ಲೋಕದ ನಂಬಿಕೆ. ಸುಳ್ಳಾಡದಿದ್ದರೂ ಅದು ಎಲ್ಲವನ್ನೂ ಹೇಳುವುದಿಲ್ಲವೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವುದು ಅವಶ್ಯವೆಂದು ನನ್ನ ಅಭಿಪ್ರಾಯ. ಇದಕ್ಕೆ ಗಂಗಾ ಕಾಲುವೆಯ ಹಳೆಯ ಚಿತ್ರವೊಂದು ಒಳ್ಳೆಯ ನಿದರ್ಶನವಾಗಿದೆ.

1837-38ರಲ್ಲಿ ಗಂಗಾ ಯಮುನಾ ನದಿಗಳ ನಡುವಣ ನಾಡಿನಲ್ಲಿ ಘೋರ ಕ್ಷಾಮವುಂಟಾಗಿ ಲಕ್ಷಾಂತರ ಜನರು ಮಡಿದರು. ಅದರ ಬಳಿಕ, ಹರಿದ್ವಾರದಿಂದ ಗಂಗೆಯ ನೀರನ್ನು ಹೊಲಗಳಿಗೆ ತರುವ ಪ್ರೋಬಿ ಕಾಟ್ಲಿಯ ಯೋಜನೆಯು ಕೈಗೂಡಿತು. ಗಂಗೆಯನ್ನು ಬಂಧಿಸಬಾರದೆಂದು ಅಲ್ಲಿಯ ಅರ್ಚಕರು ಆಕ್ಷೇಪಿಸಲು, ಆತನು ಕಟ್ಟೆಯಲ್ಲಿ ನದಿಗೆ ತೆರವು ಬಿಟ್ಟನು; ಸ್ನಾನಘಟ್ಟಗಳನ್ನೂ ದುರಸ್ತಿ ಮಾಡಿಸಿದನು. 1854ರಲ್ಲಿ ತೆರೆಯಲ್ಪಟ್ಟ ಮುಖ್ಯ ಕಾಲುವೆಯ ಉದ್ದವು ಸುಮಾರು 350 ಮೈಲಿ. ರೂರ್ಕಿಯ ಬಳಿ ಸೋಲಾನಿ ನದಿಗೆ ಸೇತುವೆ ಕಟ್ಟಿ, ಅದರ ಮೇಲೆ ಕಾಲುವೆಯನ್ನೇ ದಾಟಿಸಿದರು.

1866ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕನು ರೂರ್ಕಿಯಲ್ಲಿ ಈ ಕಾಲುವೆಯ ಚಿತ್ರವನ್ನು ತೆಗೆದನು. ಆಗಿನ ವಿಧಾನದಲ್ಲಿ ಗಾಜಿನ ಹಲಗೆಗೆ ರಾಸಾಯನಿಕ ದ್ರವವನ್ನು ಬಳಿದು, ಅದು ಆರುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಹಲಗೆಯನ್ನು ಹಲವು ಕ್ಷಣ ಬೆಳಕಿಗೆ ಒಡ್ಡಬೇಕಾದುದರಿಂದ ಹರಿಯುವ ನೀರು ನುಣುಪಾಗಿ ತೋರುವುದು, ನಡೆದಾಡುವವರು ಮಸುಕಾಗುವರು. ಆದುದರಿಂದ ಅಂದಿನ ಕಾಲುವೆಯ ಚಿತ್ರಗಳಲ್ಲಿ ಶಾಂತಿಯೂ ಕ್ರಮವೂ ಎದ್ದು ಕಾಣುವುವು. ಅವನ್ನು ಕೊಂಡು ನೋಡಿದ ಆಂಗ್ಲರಿಗೆ, ತಮ್ಮವರು ಈ ನಾಡನ್ನು ತಿದ್ದಿ ನೇರ್ಪಡಿಸಿದರೆಂಬ ಹೆಮ್ಮೆಯು ಸುಲಭವಾಗಿ ಮೂಡಿರಬೇಕು.

ಆದರೆ ಮಣ್ಣನ್ನು ಅಗೆದು ಹೊತ್ತವರೂ ಇಟ್ಟಿಗೆ ಸುಟ್ಟವರೂ ಎಲ್ಲಿ? ನೀರು ಬಂದ ಊರುಗಳಲ್ಲಿ ಪೈರು ಹೆಚ್ಚಿದುದೂ, ಕೆಲವೆಡೆ ನೀರು ನಿಂತು ಹೊಲಗಳು ಚೌಳಾದುದೂ ಆ ಚಿತ್ರದಲ್ಲಿ ಕಾಣುವುದಿಲ್ಲ. ಅದೇ ನೀರು ಭಕ್ತಳಿಗೆ ಗಂಗಾಮಾತೆ; ರೈತನಿಗೆ ಬೆಳೆಯ ಭರವಸೆ, ಜತೆಗೆ ಕಂದಾಯದ ಹೊರೆ; ಸರಕಾರಕ್ಕೆ ಕೀರ್ತಿಯೂ ವರಮಾನವೂ ಹೌದು.

ಕಾಲುವೆಯಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಚಿತ್ರವೂ ಸುಂದರವಾದುದೇ. ಆದರೆ ಸುಂದರವಾದುದನ್ನು ಮೆಚ್ಚುವುದು ಒಂದು. ಅದನ್ನೇ ಪೂರ್ಣ ಚರಿತ್ರೆಯೆಂದು ನಂಬುವುದು ಇನ್ನೊಂದು.

ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಮಕ್ಕಳೊಡನೆ ಯಾವ ಚಿತ್ರವನ್ನು ನೋಡುವಾಗಲೂ, "ಇದರಲ್ಲಿ ಯಾರಿಲ್ಲ? ಏಕಿಲ್ಲ?" ಎಂದು ಕೇಳಿರಿ. ಶಾಲೆಯ ಚಿತ್ರದಲ್ಲಿ ಸಾಲಾಗಿ ನಿಂತ ಬಾಲಿಕೆಯರನ್ನು ಕಂಡಾಗ, ಅವರಿಗಾಗಿ ನೀರು ಸೇದಿದವಳೂ ಅಡಿಗೆ ಮಾಡಿದವಳೂ ನೆನಪಾದರೆ, ಕಲಿತ ವಿದ್ಯೆಯು ಸಾರ್ಥಕವಾದಂತೆಯೇ ಸರಿ.