ಹೊಗೆ ಬಿಡುವ ಎಂಜಿನ್ ತಾನಾಗಿ ‘ಸೆಟ್’ ಆಗೋದಿಲ್ಲ ಮಾರಾಯ್ರೆ

1/7
ನೇರ ವಿಷಯಕ್ಕೆ ಬರ್ತೇನೆ. ರೀಬಿಲ್ಡ್ ಮಾಡಿ ತಂದ ಔಟ್‌ಬೋರ್ಡ್ ಎಂಜಿನ್ ಕಪ್ಪು ಹೊಗೆ ಬಿಡ್ತಾ ಉಂಟು, ಪ್ಲಗ್ ಒದ್ದೆ ಉಂಟು, ಟ್ಯಾಂಕ್ ಮೊದಲಿಗಿಂತ ಬೇಗ ಖಾಲಿ ಆಗ್ತಾ ಉಂಟು ಅಂದ್ರೆ ರಿಪೇರಿ ಮುಗಿದಿಲ್ಲ. ಬಿಲ್ ಮಾತ್ರ ಆಗಿದೆ. ಆದರೆ ನಮ್ಮ ಕಡೆ ಕೇಳಿ ನೋಡಿ, ಸಿಗುವ ಉತ್ತರ ಎರಡೇ: “ಹೊಸ ಕೆಲಸ ಅಲ್ವಾ, ಓಡಿಸ್ತಾ ಓಡಿಸ್ತಾ ಸೆಟ್ ಆಗ್ತದೆ.” ಇಲ್ಲದಿದ್ರೆ “ಇರಿ, ಸ್ಕ್ರೂ ಸ್ವಲ್ಪ ತಿರುಗಿಸುವ.” ಎರಡೂ ತಪ್ಪು. ಯಾಕೆ ಅಂತ ಏಳು ಪೋಸ್ಟಲ್ಲಿ ಹೇಳ್ತೇನೆ. ಮನೆಯಲ್ಲಿ ದೋಣಿ ಇರುವವರು ಸೇವ್ ಮಾಡ್ಕೊಳ್ಳಿ.

2/7
ಬಿಕಾಂ ಓದುವವನಿಗೆ ಕಾರ್ಬೊರೇಟರ್ ಯಾಕೆ ಅಂತ ಕ್ಲಾಸಲ್ಲಿ ಕೇಳಿದವರಿದ್ದಾರೆ. ಇದು ಮೊದಲು ಲೆಕ್ಕದ ವಿಷಯ, ಅದಕ್ಕೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಸಮುದ್ರಕ್ಕೆ ಇಳಿಯೋದು 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳು. ಆ ಸೀಸನ್ನಿಗೆ ಅಂತಲೇ ತುಂಬ ಜನ ಮೊದಲೇ ಎಂಜಿನ್ ಬಿಚ್ಚಿಸ್ತಾರೆ. ಮೀನು ಮಾರಿದ ಹಣದಲ್ಲಿ ಮೊದಲು ಎಣ್ಣೆ ಖರ್ಚು ಕಳೀತಾರೆ, ಉಳಿದದ್ದನ್ನು ಪಾಲು ಮಾಡ್ತಾರೆ. ಪಾಲಿನ ಕ್ರಮ ಊರಿಂದ ಊರಿಗೆ ಬೇರೆ ಇರಬಹುದು, ಎಣ್ಣೆ ಮೊದಲು ಕಳೆಯೋದು ಮಾತ್ರ ಹೆಚ್ಚಿನ ಕಡೆ ಒಂದೇ.

ಗಂಟೆಗೆ 1 ಲೀಟರ್ ದಂಡ ಹೋಗ್ತದೆ ಅಂದ್ಕೊಳ್ಳಿ. ದಿನಕ್ಕೆ 5 ಗಂಟೆ, ತಿಂಗಳಿಗೆ 20 ದಿನ. 100 ಲೀಟರ್ ಆಯ್ತು. ಲೆಕ್ಕ ಸುಲಭ ಆಗ್ಲಿ ಅಂತ ಲೀಟರಿಗೆ ₹100 ಹಿಡಿದ್ರೂ ತಿಂಗಳಿಗೆ ₹10,000. ಇದು ಮೆಕ್ಯಾನಿಕ್ ಜೇಬಿಂದ ಹೋಗೋದಿಲ್ಲ, ಧಣಿಯೊಬ್ಬರ ಜೇಬಿಂದಲೂ ಹೋಗೋದಿಲ್ಲ. ಬಲೆ ಎಳೆಯುವ ಅಣ್ಣನ ಪಾಲಿಂದಲೂ ಹೋಗ್ತದೆ. ಸ್ಕ್ರೂ ಮುಟ್ಟದವನೂ ದಂಡ ಕಟ್ತಾನೆ.

3/7
“ರಿಚ್ ಓಡಿದ್ರೆ ಎಂಜಿನ್ ಸೇಫ್” ಅನ್ನುವ ಮಾತಿಗೆ ಬರುವ.

ಅರ್ಧ ಸತ್ಯ ಇದು. ಪೆಟ್ರೋಲ್ ಕಡಿಮೆಯಾಗಿ ಲೀನ್ ಓಡಿದ್ರೆ ಟೂ ಸ್ಟ್ರೋಕಿನ ಪಿಸ್ಟನ್ ಕಾದು ಜಾಮ್ ಆಗ್ತದೆ, ತೂತೂ ಬೀಳಬಹುದು. ಅದಕ್ಕೆ ಹೆದರಿ ಎಲ್ಲರೂ ರಿಚ್ ಕಡೆ ವಾಲ್ತಾರೆ. ಆದರೆ ವಿಪರೀತ ರಿಚ್ ಆದ್ರೆ ಕರಿ ಕಟ್ತದೆ, ರಿಂಗ್ ಹಿಡ್ಕೊಳ್ತದೆ, ಪ್ಲಗ್ ಒದ್ದೆಯಾಗಿ ಕಿಡಿ ನಿಲ್ತದೆ. ಮಳೆಗಾಲದಲ್ಲಿ ಅಳಿವೆ ಬಾಗಿಲು ದಾಟುವಾಗ, ಹಿಂದಿಂದ ತೆರೆ ಏಳುವಾಗ ಒಂದು ಸಿಲಿಂಡರ್ ಸತ್ತರೆ ‘ಸೇಫ್’ ಅನ್ನೋ ಮಾತು ಯಾರು ಹೇಳ್ತೀರಿ?

ಇನ್ನೊಂದು, ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಾ ಉಂಟು. ಮಾಮೂಲಿಗೆ 50:1, ಅಂದ್ರೆ ಲೀಟರಿಗೆ 20 ಮಿಲಿ ಆಯಿಲ್ ಹಾಕುವ ಎಷ್ಟೋ ಎಂಜಿನ್‌ಗಳಿಗೆ ರನ್ನಿಂಗ್ ಇನ್ ಹೊತ್ತಿಗೆ 25:1, ಅಂದ್ರೆ 40 ಮಿಲಿ ಹಾಕ್ಲಿಕ್ಕೆ ಕಂಪನಿಯ ಪುಸ್ತಕವೇ ಹೇಳ್ತದೆ. ಆಗ ನೀಲಿ ಹೊಗೆ ಸಹಜ. ಕಪ್ಪು ಹೊಗೆ ಬೇರೆ ಕಥೆ. ಅದು ಪೂರ್ತಿ ಉರಿಯದ ಪೆಟ್ರೋಲ್.

ಆಯಿಲ್ ಜಾಸ್ತಿ ಹಾಕಿದ್ರೆ ಮಿಶ್ರಣ ರಿಚ್ ಆಗ್ತದೆ ಅಂತ ತಿಳ್ಕೊಂಡವರೂ ಇದ್ದಾರೆ. ಉಲ್ಟಾ. ಅದೇ ಜೆಟ್ಟಲ್ಲಿ ಆಯಿಲ್ ಹೆಚ್ಚು ಹೋದ್ರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗ್ತದೆ. ಹಾಗಾಗಿ ಕಪ್ಪು ಹೊಗೆಗೆ ಆಯಿಲನ್ನು ಬೈಬೇಡಿ.

4/7
ಈಗ ಸ್ಕ್ರೂ ಪ್ರಿಯರಿಗೆ.

ಹೊರಗೆ ಕಾಣುವ ಆ ಸಣ್ಣ ಪೈಲಟ್ ಸ್ಕ್ರೂ ಕೆಲಸ ಮಾಡೋದು ಐಡ್ಲಿಂಗಲ್ಲಿ, ಅದರ ಸ್ವಲ್ಪ ಮೇಲೆ. ಫುಲ್ ಥ್ರಾಟಲಲ್ಲಿ ಎಣ್ಣೆ ಎಷ್ಟು ಹೋಗಬೇಕು ಅಂತ ಹೆಚ್ಚಿನ ಸಣ್ಣ ಔಟ್‌ಬೋರ್ಡ್‌ಗಳಲ್ಲಿ ತೀರ್ಮಾನ ಮಾಡೋದು ಒಳಗಿನ ಮೇನ್ ಜೆಟ್. ಅದಕ್ಕೆ ಹೊರಗಿಂದ ಸ್ಕ್ರೂ ಇಲ್ಲ. ಫುಲ್ ಥ್ರಾಟಲಲ್ಲಿ ಹೊಗೆ ಬರುವಾಗ ಪೈಲಟ್ ಸ್ಕ್ರೂ ತಿರುಗಿಸೋದು ಅಂದ್ರೆ ಹಲ್ಲು ನೋವಿಗೆ ಕಾಲು ತಿಕ್ಕಿದ ಹಾಗೆ.

ಮತ್ತೆ, ಕೆಲವು ಕಾರ್ಬೊರೇಟರಲ್ಲಿ ಆ ಸ್ಕ್ರೂ ಎಣ್ಣೆಯನ್ನು ಹಿಡೀತದೆ, ಕೆಲವದರಲ್ಲಿ ಗಾಳಿಯನ್ನು. ಒಂದರಲ್ಲಿ ಒಳಗೆ ತಿರುಗಿಸಿದ್ರೆ ಲೀನ್, ಇನ್ನೊಂದರಲ್ಲಿ ಅದೇ ತಿರುಗು ರಿಚ್. ಯಾವುದು ಅಂತ ಗೊತ್ತಿಲ್ಲದೆ ತಿರುಗಿಸುವವರಿಗೆ ಒಂದೇ ವಿನಂತಿ: ದಯವಿಟ್ಟು ಕೈ ಕಟ್ಟಿ ನಿಲ್ಲಿ. ಒಳಗೆ ತೂತಾದ ಡಯಾಫ್ರಾಮ್ ಇಟ್ಕೊಂಡು ಹೊರಗೆ ಸ್ಕ್ರೂ ಟೈಟ್ ಮಾಡಿದ್ರೆ ರೋಗ ಹಾಗೇ ಇರ್ತದೆ, ಲಕ್ಷಣ ಮಾತ್ರ ಮುಚ್ಚಿ ಹೋಗ್ತದೆ.

5/7
ಹಾಗಾದ್ರೆ ಏನು ಮಾಡೋದು? ಖರ್ಚಿಲ್ಲದ್ದು ಮೊದಲು.

▪️ ಚೋಕ್. ನಾಬ್ ಒಳಗೆ ತಳ್ಳಿದ ಮೇಲೆ ಪ್ಲೇಟ್ ಪೂರ್ತಿ ತೆರೀತದಾ? ಕಣ್ಣಲ್ಲೇ ನೋಡಿ. ರೀಬಿಲ್ಡ್ ಹೊತ್ತಿಗೆ ಲಿಂಕ್ ವಾರೆ ಕೂತ್ರೆ ಚೋಕ್ ಅರ್ಧ ಮುಚ್ಚಿಯೇ ಇರ್ತದೆ.

▪️ ಡ್ರಮ್. ನೀರು ತುಂಬಿದ ಡ್ರಮ್ಮಲ್ಲಿ ಓಡಿಸುವಾಗ ಎಂಜಿನ್ ತನ್ನ ಹೊಗೆಯನ್ನೇ ಎಳ್ಕೊಂಡು ರಿಚ್ ಇದ್ದ ಹಾಗೆ ಆಡ್ತದೆ. ಕಡೆಯ ತೀರ್ಪು ಹೊಳೆಯಲ್ಲಿ, ಗೇರ್ ಹಾಕಿ, ಲೋಡ್ ಕೊಟ್ಟು.

▪️ ಸೀಮೆಎಣ್ಣೆ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಕಾಯುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿದ್ರೆ ಅದು ಆವಿ ಆಗೋದಿಲ್ಲ. ಕಪ್ಪು ಹೊಗೆ, ಒದ್ದೆ ಪ್ಲಗ್. ಥರ್ಮೋಸ್ಟಾಟ್ ತೆರೆದೇ ನಿಂತು ಎಂಜಿನ್ ಬಿಸಿ ಏರದಿದ್ದರೂ ಇದೇ ಗೋಳು.

▪️ ಪ್ಲಗ್. ಎರಡು ಸಿಲಿಂಡರ್, ಒಂದೇ ಕಾರ್ಬೊರೇಟರ್ ಇದ್ದು ಒಂದೇ ಪ್ಲಗ್ ಒದ್ದೆಯಾಗಿದ್ರೆ ಮೊದಲು ಅದರ ಕಿಡಿ ನೋಡಿ. ಕಿಡಿ ಸೋತ ಸಿಲಿಂಡರ್ ಥೇಟ್ ರಿಚ್ ಇದ್ದ ಹಾಗೇ ಕಾಣ್ತದೆ.

▪️ ಪೈಪ್ ತೆಗೆದು ನೋಡುವ ಪರೀಕ್ಷೆ. ನೀರಲ್ಲಿ ಓಡ್ತಾ ಇರುವಾಗ ಎಣ್ಣೆ ಪೈಪಿನ ಕನೆಕ್ಟರ್ ತೆಗೀರಿ. ಕಾರ್ಬೊರೇಟರಲ್ಲಿ ಉಳಿದ ಎಣ್ಣೆ ಇಳೀತಾ ಬರುವಾಗ ಹೊಗೆ ನಿಂತು ಎಂಜಿನ್ ನಯವಾಗಿ ಓಡಿದ್ರೆ ಮಿಶ್ರಣ ರಿಚ್ ಇತ್ತು ಅಂತ ಅರ್ಥ. ನಿಲ್ಲುವ ಮೊದಲು ಒಂದು ಕ್ಷಣ ಸ್ಪೀಡ್ ಏರೋದು ಎಲ್ಲ ಎಂಜಿನ್‌ಗೂ ಸಹಜ, ಅದನ್ನು ನೋಡಿ ಕುಣೀಬೇಡಿ. ಹತ್ತಿರ ಬೀಡಿ ಸಿಗರೇಟ್ ಬೇಡ.

6/7
ಇಷ್ಟರಲ್ಲೂ ಸಿಗದಿದ್ರೆ ಆಗ ಬಿಚ್ಚಿ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ.

▪️ ಫ್ಲೋಟ್ ಮತ್ತು ನೀಡಲ್. ಎಂಜಿನ್ ನಿಲ್ಲಿಸಿ ಪೈಪಲ್ಲಿರುವ ರಬ್ಬರ್ ಬಲ್ಬ್ ಗಟ್ಟಿ ಆಗುವವರೆಗೆ ಒತ್ತಿ. ಗಟ್ಟಿ ಆಗೋದೇ ಇಲ್ಲ, ಕಾರ್ಬೊರೇಟರ್ ಬಾಯಲ್ಲಿ ಎಣ್ಣೆ ತೊಟ್ಟಿಕ್ತದೆ ಅಂದ್ರೆ ನೀಡಲ್ ಕೂರ್ತಾ ಇಲ್ಲ. ಕಸ, ಸವೆದ ಸೀಟ್, ತಪ್ಪು ಫ್ಲೋಟ್ ಎತ್ತರ, ಎಣ್ಣೆ ಕುಡಿದು ಭಾರ ಆದ ಫ್ಲೋಟ್: ಇವುಗಳಲ್ಲಿ ಒಂದು.

▪️ ಗಾಳಿ ದಾರಿ. ಎಲ್ಲರೂ ಎಣ್ಣೆಯ ಜೆಟ್ ಊದ್ತಾರೆ. ಗಾಳಿ ಬರುವ ಸಣ್ಣ ತೂತು ಕಟ್ಟಿದ್ರೂ ರಿಚ್ ಆಗ್ತದೆ. ಕ್ಲೀನ್ ಮಾಡುವಾಗ ಕರಗಿದ ಕಸ ಅಲ್ಲೇ ಹೋಗಿ ಕೂರಬಹುದು.

▪️ ಕಿಟ್. ಪೆಟ್ರೋಲ್ ಮಾಡೆಲ್, ಸೀಮೆಎಣ್ಣೆ ಮಾಡೆಲ್, ಎರಡರ ಜೆಟ್ ಒಂದೇ ಅಂತ ಊಹಿಸಬೇಡಿ. ಜೆಟ್ ಮೇಲಿನ ನಂಬರನ್ನು ಪುಸ್ತಕದ ನಂಬರಿಗೆ ಹೋಲಿಸಿ. ಹಳೆ ಗ್ಯಾಸ್ಕೆಟ್ ಪಕ್ಕ ಹೊಸತನ್ನು ಇಟ್ಟು ತೂತುಗಳನ್ನು ಲೆಕ್ಕ ಮಾಡಿ.

▪️ ಫ್ಯೂಯಲ್ ಪಂಪ್ ಡಯಾಫ್ರಾಮ್. ಮರೆತು ಹೋಗೋದು ಇದೇ. ಟೂ ಸ್ಟ್ರೋಕ್ ಔಟ್‌ಬೋರ್ಡಲ್ಲಿ ಪಂಪ್ ನಡೆಯೋದು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ. ಡಯಾಫ್ರಾಮ್ ಹರಿದ್ರೆ ಎಣ್ಣೆ ಕಾರ್ಬೊರೇಟರಿಗೆ ಹೋಗದೆ ಆ ತೂತಿಂದ ಸೀದಾ ಎಂಜಿನ್ ಒಳಗೆ ಹೋಗ್ತದೆ. ಕಾರ್ಬೊರೇಟರ್ ಹತ್ತು ಸಲ ತೊಳೆದ್ರೂ ಹೊಗೆ ನಿಲ್ಲೋದಿಲ್ಲ. ಒತ್ತಡ ಬರುವ ಬದಿಯಲ್ಲಿ ಎಣ್ಣೆ ನಿಂತಿದ್ರೆ ಕಳ್ಳ ಸಿಕ್ಕಿದ ಅಂತಲೇ.

7/7
ಮೆಕ್ಯಾನಿಕ್‌ಗಳನ್ನು ಬೈಯ್ತಾ ಇದ್ದೀಯಾ ಅಂತ ಕಮೆಂಟ್ ಬರ್ತದೆ, ಗೊತ್ತು. ಮೇ ಕೊನೆಗೆ ಎಂಜಿನ್‌ಗಳು ಸಾಲಾಗಿ ಬಿದ್ದಿರ್ತವೆ, ಎಲ್ಲರಿಗೂ ನಾಳೆಯೇ ಬೇಕು, ಹುಡುಕಿದ ಗಂಟೆಗೆ ಯಾರೂ ಹಣ ಕೊಡೋದಿಲ್ಲ. ಭಾಗಕ್ಕೆ ಹಣ, ಯೋಚನೆಗೆ ಇಲ್ಲ. ಹಾಗಿರುವಾಗ ಅವರು ಕಿಟ್ ಹಾಕಿ ಸ್ಕ್ರೂ ತಿರುಗಿಸಿ ಕಳಿಸ್ತಾರೆ. ಈ ಪದ್ಧತಿಗೆ ನಾವು ಗಿರಾಕಿಗಳೂ ಹೊಣೆ.

ಆದ್ದರಿಂದ ಎರಡೂ ಕಡೆಗೆ ಹೇಳ್ತೇನೆ. ಹುಡುಕುವ ಕೆಲಸಕ್ಕೆ ಪ್ರತ್ಯೇಕ ಮಜೂರಿ ಕೊಡಿ. ತಿಂಗಳಿಗೆ ₹10,000 ಹೊಗೆ ಬಿಡೋದಕ್ಕಿಂತ ಅದು ಅಗ್ಗ. ಹಣ ಕೊಡುವ ಮೊದಲು ಮೂರು ವಿಷಯ ಕೇಳಿ: ಹಳೆ ಭಾಗಗಳು ಕೈಗೆ ಬರಬೇಕು, ಹಾಕಿದ ಜೆಟ್ ನಂಬರ್ ಚೀಟಿಯಲ್ಲಿ ಬರಬೇಕು, ಹೊಳೆಯಲ್ಲಿ ಲೋಡ್ ಕೊಟ್ಟು ಓಡಿಸಿ ಪ್ಲಗ್ ತೆಗೆದು ತೋರಿಸಬೇಕು. ಒಳ್ಳೆ ಮೆಕ್ಯಾನಿಕ್ ಅಣ್ಣಂದಿರಿಗೆ ಇದರಿಂದ ಬೇಜಾರಾಗೋದಿಲ್ಲ, ಖುಷಿಯೇ ಆಗ್ತದೆ.

ಅಪ್ಪ, ಮಾವ, ಚಿಕ್ಕಪ್ಪನ ದೋಣಿ ಇರುವವರು ಈ ಸಲ ಎಂಜಿನ್ ತರಲಿಕ್ಕೆ ನೀವೂ ಜೊತೆಗೆ ಹೋಗಿ. ಪ್ಲಗ್ ಬಣ್ಣ ಏನಿತ್ತು ಅಂತ ಕಮೆಂಟಲ್ಲಿ ಬರೀರಿ.

#ನಾಡದೋಣಿ #ಔಟ್‌ಬೋರ್ಡ್ #ಕರಾವಳಿ #ಲೆಕ್ಕದಪುಸ್ತಕ