ಮೊದಲು ಬಾಯಿ ಬಿಟ್ಟವರೇ ಸೋತವರು!

ಚದುರಂಗದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಒಬ್ಬರ ಲಾಭವೇ ಇನ್ನೊಬ್ಬರ ನಷ್ಟ. ಎರಡನ್ನೂ ಕೂಡಿಸಿದರೆ ಉತ್ತರ ಸೊನ್ನೆ. ಇಂಥವನ್ನು ಗಣಿತಜ್ಞರು ‘ಶೂನ್ಯ ಮೊತ್ತದ ಆಟ’ ಎನ್ನುತ್ತಾರೆ. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲೇ ಈ ಬಗೆಯ ಆಟಗಳಿಗೆ ಸಂಬಂಧಿಸಿದ ಮುಖ್ಯ ಪ್ರಮೇಯವೊಂದನ್ನು ಸಾಧಿಸಿ ತೋರಿಸಿದ್ದರು. ಸರಿ, ಹಾಗಾದರೆ ಸ್ನೇಹ, ಪ್ರೀತಿಗಳೂ ಇಂಥ ಆಟಗಳೇ? ಹೌದೆಂದು ನಂಬಿ ಕುಳಿತ ಇಬ್ಬರು ಮಹಾ ಬುದ್ಧಿವಂತ ವಿದ್ಯಾರ್ಥಿಗಳ ಪೇಚಾಟವೇ ‘ಕಗುಯಾ-ಸಾಮ: ಲವ್ ಈಸ್ ವಾರ್’ ಎಂಬ ಜಪಾನಿನ ಅನಿಮೆ.

ಅನಿಮೆ ಎಂದರೆ ಜಪಾನಿನಲ್ಲಿ ತಯಾರಾಗುವ ಚಲಿಸುವ ಚಿತ್ರಕಥೆ. ಮಗನೋ ಮಗಳೋ ಮೊಬೈಲಿನಲ್ಲಿ ಇದನ್ನು ನೋಡಿ ನಗುತ್ತಿದ್ದರೆ, ‘ಇಷ್ಟು ದೊಡ್ಡವರಾದರೂ ಕಾರ್ಟೂನ್ ಹುಚ್ಚು ಬಿಟ್ಟಿಲ್ಲವಲ್ಲ’ ಎಂದು ಹೆತ್ತವರು ಗೊಣಗುವುದುಂಟು. ಆದರೆ ಇದು ಎಳೆಯ ಮಕ್ಕಳಿಗಾಗಿ ಹೆಣೆದ ಕಥೆಯಲ್ಲ. ಅಕಾ ಅಕಾಸಾಕಾ 2015ರಿಂದ 2022ರವರೆಗೆ ಬರೆದ ಈ ಚಿತ್ರಕಥೆ ಬಹುಪಾಲು ಪ್ರಕಟವಾದದ್ದು ತರುಣರು ಓದುವ ಒಂದು ವಾರಪತ್ರಿಕೆಯಲ್ಲಿ. ಅದನ್ನು ಆಧರಿಸಿದ ಅನಿಮೆ 2019, 2020 ಮತ್ತು 2022ರಲ್ಲಿ ಮೂರು ಸರಣಿಗಳಾಗಿ, ಒಟ್ಟು 37 ಕಂತುಗಳಲ್ಲಿ ಪ್ರಸಾರವಾಯಿತು.

ಕಥೆ ನಡೆಯುವುದು ಶೂಚಿಇನ್ ಎಂಬ ಕಾಲ್ಪನಿಕ ಶಾಲೆಯಲ್ಲಿ. ಹಿಂದೆ ಕುಲೀನರ, ಯೋಧರ ಮಕ್ಕಳಿಗಾಗಿ ಕಟ್ಟಿದ ಶಾಲೆಯಂತೆ ಅದು. ಅಲ್ಲಿನ ವಿದ್ಯಾರ್ಥಿ ಸಂಘದ ಅಧ್ಯಕ್ಷ ಮಿಯುಕಿ ಶಿರೊಗಾನೆ ಬಡ ಮನೆಯ ಹುಡುಗ. ಕೂಲಿ ಕೆಲಸ ಮಾಡುತ್ತಲೇ ಓದಿ ಪ್ರತಿ ಪರೀಕ್ಷೆಯಲ್ಲೂ ಮೊದಲಿಗನಾಗುತ್ತಾನೆ. ಉಪಾಧ್ಯಕ್ಷೆ ಕಗುಯಾ ಶಿನೊಮಿಯಾ ದೇಶದ ಆಗರ್ಭ ಶ್ರೀಮಂತರ ಮಗಳು, ಅಂಕಗಳಲ್ಲಿ ಎರಡನೆಯವಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸು. ಆದರೆ ‘ಮೊದಲು ಬಾಯಿ ಬಿಟ್ಟವರೇ ಸೋತವರು’ ಎಂಬ ಹಟ! ಹೀಗಾಗಿ ಎದುರಿನವರ ಬಾಯಿಂದಲೇ ಆ ಮಾತು ಹೊರಡಿಸಲು ದಿನಕ್ಕೊಂದು ಹೂಟ ಹೂಡುತ್ತಾರೆ.

ಮೊದಲ ಕಂತಿನಲ್ಲೇ ಸಿನಿಮಾ ಟಿಕೆಟ್ಟಿನ ಪ್ರಸಂಗ ಬರುತ್ತದೆ. ಗೆಳತಿ ಫುಜಿವಾರಾ ಪ್ರೇಮಕಥೆಯ ಸಿನಿಮಾಕ್ಕೆ ಟಿಕೆಟ್ ತಂದುಕೊಡುತ್ತಾಳೆ. ‘ಹೋಗೋಣವೇ?’ ಎಂದರೆ ಮುಗಿಯಿತು. ಆದರೆ ಕೇಳುವವರು ಯಾರು? ಇಬ್ಬರೂ ಲೆಕ್ಕದ ಮೇಲೆ ಲೆಕ್ಕ ಹಾಕಿ ಮಿದುಳು ದಣಿಸಿಕೊಳ್ಳುತ್ತಾರೆ. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಕೇವಲ ಶೇಕಡಾ 2ರಷ್ಟು. ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಮಾತ್ರ ಸುಮಾರು ಶೇಕಡಾ 20. ಅದರ ಮುಖ್ಯ ಇಂಧನ ಗ್ಲೂಕೋಸ್. ಮೇಜಿನ ಮೇಲಿದ್ದ ಒಂದೇ ಒಂದು ಸಿಹಿ ಕಡುಬಿಗೆ ಇಬ್ಬರೂ ಕೈಚಾಚುವ ಹೊತ್ತಿಗೆ ಅದನ್ನು ಫುಜಿವಾರಾ ನುಂಗಿಬಿಟ್ಟಿರುತ್ತಾಳೆ! ಕುಸ್ತಿಯ ವೀಕ್ಷಕ ವಿವರಣೆಯ ಗತ್ತಿನಲ್ಲಿ ನಿರೂಪಕ ಘೋಷಿಸುತ್ತಾನೆ: ಇಂದಿನ ಫಲಿತಾಂಶ, ಇಬ್ಬರಿಗೂ ಸೋಲು.

ನಗು ಬರುವುದು ಸಹಜ. ಆದರೆ ಆ ನಗುವಿನ ಅಡಿಯಲ್ಲಿ ಒಂದು ನಿಜವಿದೆ. ಇಬ್ಬರೂ ಮಾಡಿದ್ದು ಲೆಕ್ಕದ ತಪ್ಪು. ಇಬ್ಬರಿಗೂ ಲಾಭವಾಗುವ ಆಟವನ್ನು ಶೂನ್ಯ ಮೊತ್ತದ್ದೆಂದು ಭಾವಿಸಿದ್ದು. ತರಗತಿಗೆ ಮೊದಲಿಗರಾದವರು ಇಷ್ಟು ಸಣ್ಣ ತಪ್ಪು ಮಾಡಿದ್ದೇಕೆ? ಬಾಲ್ಯದಿಂದ ಅವರು ಕಂಡದ್ದೆಲ್ಲ ಇಂಥ ಆಟಗಳನ್ನೇ. ಒಂದನೆಯ ಸ್ಥಾನ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ. ಫಲಕದ ಮೇಲೆ ಹಚ್ಚುವ ಅಂಕಪಟ್ಟಿ ಕಲಿಸಿದ ಪಾಠವನ್ನೇ ಅವರು ಮನಸ್ಸಿಗೂ ಅನ್ವಯಿಸಿಕೊಂಡಿದ್ದಾರೆ.

ಜಪಾನಿನಲ್ಲಿ ಪ್ರೀತಿಯನ್ನು ಸ್ಪಷ್ಟ ಮಾತಿನಲ್ಲಿ ತಿಳಿಸುವುದಕ್ಕೆ ‘ಕೊಕುಹಾಕು’ ಎಂಬ ಹೆಸರೇ ಇದೆ. ಶಾಲೆಯ ಪ್ರೇಮಕಥೆಗಳಲ್ಲಿ ಅದೇ ದೊಡ್ಡ ಘಟ್ಟ. ಕಗುಯಾ ಎಂಬ ಹೆಸರೂ ಬರಿದೇ ಬಂದದ್ದಲ್ಲ. ಬಿದಿರು ಕಡಿಯುವ ಮುದುಕನಿಗೆ ಸಿಕ್ಕ ಚಂದ್ರಲೋಕದ ರಾಜಕುಮಾರಿ ಕಗುಯಾಳ ಕಥೆ ಜಪಾನಿನ ಅತಿ ಹಳೆಯ ಕಥನಗಳಲ್ಲೊಂದು. ತನ್ನನ್ನು ವರಿಸಲು ಬಂದ ಐವರಿಗೆ ಆಕೆ ಆಗದ ಕೆಲಸಗಳನ್ನು ಒಡ್ಡಿ ದೂರವಿಡುತ್ತಾಳೆ. ಕೊನೆಗೆ ಚಂದ್ರಲೋಕಕ್ಕೇ ಮರಳುತ್ತಾಳೆ. ಮನಸ್ಸು ತೆರೆಯದೆ ದೂರವೇ ಉಳಿದವಳ ಆ ನೆರಳು ಈ ಹುಡುಗಿಯ ಮೇಲೂ ಇದೆ.

ಮೊದಲ ಸರಣಿಯ ಕೊನೆಯಲ್ಲಿ ಬರುವ ಪಟಾಕಿ ಹಬ್ಬದ ಪ್ರಸಂಗವನ್ನು ಮರೆಯುವಂತಿಲ್ಲ. ಬೇಸಿಗೆ ರಜೆಯಲ್ಲಿ ತಂದೆಯ ಕರೆ ಬಂತೆಂದು ಕಗುಯಾ ಕ್ಯೋಟೋದ ಮನೆಗೆ ಹೋದರೆ, ತಂದೆ ಎದುರಾಗಿ ಒಂದೆರಡು ಮಾತಾಡಿ ನಡೆದುಬಿಡುತ್ತಾರೆ. ಗೆಳೆಯರ ಜೊತೆ ಬಾನಬಿರುಸು ನೋಡುವ ಒಂದು ಚಿಕ್ಕ ಆಸೆಗೂ ಮನೆಯವರ ತಡೆ. ಹೇಗೋ ತಪ್ಪಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಗ ಶಿರೊಗಾನೆ ಅವಳನ್ನು ಹುಡುಕಿಕೊಂಡು ಬರುತ್ತಾನೆ. ಬಾನಬಿರುಸು ಇನ್ನೂ ನಡೆಯುತ್ತಿರುವ ಬೇರೊಂದು ಊರಿನತ್ತ ಟ್ಯಾಕ್ಸಿಯಲ್ಲಿ ಗೆಳೆಯರೆಲ್ಲರನ್ನೂ ಕರೆದೊಯ್ಯುತ್ತಾನೆ. ಆ ರಾತ್ರಿ ಯಾರೂ ಸೋಲು ಗೆಲುವಿನ ಲೆಕ್ಕ ಇಡುವುದಿಲ್ಲ. ಇಡೀ ಸರಣಿಯಲ್ಲಿ ಅತ್ಯಂತ ಸುಂದರವಾದ ಕಂತು ಅದೇ ಆಗಿರುವುದು ಕಾಕತಾಳೀಯವಲ್ಲ.

ಹಾಗೆಂದು ಕುಂದುಗಳಿಲ್ಲವೆಂದಲ್ಲ. ಒಂದೇ ಉಪಾಯ ಮತ್ತೆ ಮತ್ತೆ ಬರುತ್ತದೆ. ಹತ್ತು ಕಂತು ಕಳೆದರೂ ಕಥೆ ನಿಂತಲ್ಲೇ ನಿಂತಂತೆ ಅನಿಸುವುದುಂಟು. ಹುಡುಗಿಯರ ಮೈಕಟ್ಟಿನ ಬಗ್ಗೆ ಬರುವ ಕೆಲವು ಹಾಸ್ಯಗಳು ಕೀಳಾಗಿವೆ. ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಅವು ತಕ್ಕುದಲ್ಲ. ಶಾಲೆಯ ಕಥೆಯಾದರೂ ಪಾಠ ನಡೆಯುವುದು ಕಾಣುವುದೇ ಅಪರೂಪ. ಒಬ್ಬರನ್ನೊಬ್ಬರು ಬಲೆಗೆ ಕೆಡಹುವ ಕಪಟವನ್ನು ಮುದ್ದಾಗಿ ತೋರಿಸುವುದೂ ಅಷ್ಟೊಂದು ಒಳ್ಳೆಯದಲ್ಲ. ಮನಸ್ಸಿನಲ್ಲಿರುವುದನ್ನು ಊಹಿಸಿ ತಿಳಿಯಬೇಕೆಂದು ಹಟ ಹಿಡಿದರೆ ತೆರೆಯ ಮೇಲೆ ನಗು, ಬದುಕಿನಲ್ಲಿ ಜಗಳ.

ಎಲ್ಲಕ್ಕಿಂತ ದೊಡ್ಡ ಕುಂದು ನಿದ್ರೆಗೆ ಸಂಬಂಧಿಸಿದ್ದು. ಶಿರೊಗಾನೆ ರಾತ್ರಿಯಿಡೀ ಓದುತ್ತಾನೆ, ಕಾಫಿ ಕುಡಿದು ಹಗಲನ್ನು ತಳ್ಳುತ್ತಾನೆ. ಅವನ ಕೆಂಪು ಕಣ್ಣು, ಗಂಟಿಕ್ಕಿದ ಹುಬ್ಬು ಬಹುಕಾಲ ನಗೆಯ ವಸ್ತುವಾಗಿಯೇ ಉಳಿಯುತ್ತವೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆನ್ನುತ್ತಾರೆ ತಜ್ಞರು. ಹಗಲು ಓದಿದ್ದು ನೆನಪಿನಲ್ಲಿ ಬೇರೂರುವುದು ನಿದ್ರೆಯಲ್ಲೇ. ನಿದ್ರೆಗೆಟ್ಟು ಓದುವುದೆಂದರೆ ತೂತು ಬಿಂದಿಗೆಗೆ ನೀರು ಸೇದಿದಂತೆ.

ಕಥೆಗಾರರು ಈ ಸಾಲವನ್ನು ತಡವಾಗಿಯಾದರೂ ತೀರಿಸಿದ್ದಾರೆ. 2022ರ ಡಿಸೆಂಬರಿನಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ತೆರೆಕಂಡ ಮುಂದಿನ ಭಾಗದಲ್ಲಿ ಶಿರೊಗಾನೆ ದಣಿದು ಕುಸಿದು ಬೀಳುತ್ತಾನೆ. ಎಲ್ಲದರಲ್ಲೂ ಪರಿಪೂರ್ಣನಾಗಿದ್ದರೆ ಮಾತ್ರ ತನ್ನನ್ನು ಪ್ರೀತಿಸುತ್ತಾರೆ ಎಂಬ ಭಯ ಅವನದು. ಕಗುಯಾ ಬಯಸುವುದಾದರೋ ಅದರ ತದ್ವಿರುದ್ಧ: ಅವನು ಬಚ್ಚಿಟ್ಟ ದುರ್ಬಲ ಮುಖವನ್ನು ತನಗಾದರೂ ತೋರಿಸಲಿ ಎಂದು. ನಗೆಯ ಕಥೆ ಇಲ್ಲಿ ಗಂಟಲು ಹಿಡಿಯುತ್ತದೆ.

ಈ ಭಯ ಜಪಾನಿನ ಹುಡುಗನೊಬ್ಬನ ಸೊತ್ತಲ್ಲ. ‘ಅಂಕ ಕಡಿಮೆಯಾದರೆ ಅಪ್ಪ ಅಮ್ಮ ಮೊದಲಿನಂತೆ ಮಾತಾಡುವರೇ?’ ಎಂಬ ಪ್ರಶ್ನೆ ಎಷ್ಟು ಮಕ್ಕಳ ಎದೆಯಲ್ಲಿ ಕುಟುಕುತ್ತಿಲ್ಲ? ಅಂಕಪಟ್ಟಿ ಬಂದ ದಿನ ಮನೆಗಳಲ್ಲೂ ಇಂಥದೇ ಮೌನಯುದ್ಧ ನಡೆಯುತ್ತದೆ. ಮಗ ಕೋಣೆಯ ಬಾಗಿಲು ತೆರೆಯುವುದಿಲ್ಲ, ತಂದೆ ತಾವಾಗಿ ಕರೆಯುವುದಿಲ್ಲ. ಮೊದಲು ಮಾತಾಡಿದರೆ ಸೋತಂತೆ ಎಂದು ಇಬ್ಬರಿಗೂ ಬಿಗುಮಾನ. ಅಮ್ಮ ಬಡಿಸಿದ ಊಟ ನಡುವೆ ಆರುತ್ತಿರುತ್ತದೆ.

ವಿದ್ಯಾರ್ಥಿಗಳೇ, ಈ ಅನಿಮೆ ನೋಡುವುದಾದರೆ ಹಗಲು ನೋಡಿ, ರಾತ್ರಿ ನಿದ್ರೆ ಮಾಡಿ. ಹೆತ್ತವರು ಒಂದೆರಡು ಕಂತುಗಳನ್ನು ಮಕ್ಕಳ ಪಕ್ಕದಲ್ಲೇ ಕುಳಿತು ನೋಡಿದರೆ ಇನ್ನೂ ಒಳ್ಳೆಯದು. ಸಲ್ಲದ್ದು ಯಾವುದು, ಒಪ್ಪತಕ್ಕದ್ದು ಯಾವುದು ಎಂದು ಅಲ್ಲೇ ಮಾತಾಡಿಕೊಳ್ಳಬಹುದು. ಮನೆಯೊಳಗಿನ ಆಟ ಶೂನ್ಯ ಮೊತ್ತದ್ದಲ್ಲ. ಅಲ್ಲಿ ಒಬ್ಬರು ಮೊದಲು ಬಾಯಿ ಬಿಟ್ಟರೆ ಇಬ್ಬರೂ ಗೆಲ್ಲುತ್ತಾರೆ.